ವರ್ಷದ ಲೆಕ್ಕ ಸಾಲದು, ಗಂಟೆಯ ಲೆಕ್ಕ ಬೇಕು: ಬಡಾವಣೆಗೆ ಡಿಜಿಟಲ್ ಟ್ವಿನ್ ಕಟ್ಟಿದ ಅನುಭವ

ಬಡಾವಣೆಯೊಂದು ವರ್ಷಕ್ಕೆ ಎಷ್ಟು ಶಕ್ತಿ ಬಳಸುತ್ತದೋ ಅದಕ್ಕಿಂತ ಜಾಸ್ತಿ ತಾನೇ ಉತ್ಪಾದಿಸಬೇಕು. ಮನೆ, ಕಚೇರಿ, ಶಾಲೆ, ಅಂಗಡಿ ಎಲ್ಲ ಸೇರಿಸಿ. ನಮ್ಮ ತಂಡಕ್ಕೆ ಒಪ್ಪಿಸಿದ ಕೆಲಸ ಇದು. ಉಳಿದವರು ರಸ್ತೆ, ಕಟ್ಟಡಗಳ ನಕ್ಷೆ ಹಾಕುತ್ತಾರೆ. ಶಕ್ತಿಯ ಲೆಕ್ಕ ನನ್ನ ಪಾಲಿನದು.

ಆ ಲೆಕ್ಕಕ್ಕೆ ಕಟ್ಟಿದ್ದು ಡಿಜಿಟಲ್ ಟ್ವಿನ್, ಅಂದರೆ ನಿಜವಾದ ಬಡಾವಣೆಯ ಹಾಗೆಯೇ ನಡೆಯುವ ಕಂಪ್ಯೂಟರ್ ಮಾಡೆಲ್. ಆ ಹೆಸರು ಕೇಳಿದ ಕೂಡಲೇ ಹೆಚ್ಚಿನವರಿಗೆ ನೆನಪಾಗುವುದು ಪರದೆಯ ಮೇಲೆ ತಿರುಗಿಸಿ ನೋಡುವ ತ್ರೀಡಿ ಚಿತ್ರ. ಚಿತ್ರ ಬೇಕು, ನಿಜ. ಆದರೆ ಮೀಟರಿನ ಅಂಕಿಯ ಜೊತೆ ತಾಳೆ ನೋಡಲು ಬಾರದ ಮಾಡೆಲನ್ನು ನಾನು ಟ್ವಿನ್ ಅಂತ ಕರೆಯುವುದಿಲ್ಲ.

ಕಂಪ್ಯೂಟರ್ ಮುಟ್ಟುವ ಮೊದಲು ಕಾಗದದ ಮೇಲೆ ಒಂದು ಲೆಕ್ಕ ಹಾಕುತ್ತೇನೆ. ಆರು ಅಂತಸ್ತಿನ ಕಟ್ಟಡ, ಪ್ರತಿ ಅಂತಸ್ತು 100 ಚದರ ಮೀಟರ್ ಅಂತ ಇಟ್ಟುಕೊಳ್ಳಿ. ಒಟ್ಟು 600 ಚದರ ಮೀಟರ್ ಜಾಗ, ಆದರೆ ತಾರಸಿ ಬರೀ 100. ಅದರಲ್ಲಿ ಲಿಫ್ಟ್ ಕೋಣೆ, ನೀರಿನ ಟ್ಯಾಂಕ್, ಓಡಾಡುವ ದಾರಿ, ನೆರಳು ಬೀಳುವ ಮೂಲೆ ಕಳೆದರೆ ಅರ್ಧ ಉಳಿಯಬಹುದು. ಒಂದು ಕಿಲೋವ್ಯಾಟ್ ಪ್ಯಾನೆಲ್‌ಗೆ ಸುಮಾರು 5 ಚದರ ಮೀಟರ್ ಬೇಕು. ಹಾಗಾಗಿ 10 ಕಿಲೋವ್ಯಾಟ್ ಕೂರಿಸಬಹುದು. ಒಳ್ಳೆಯ ಬಿಸಿಲಿದ್ದರೆ ಕಿಲೋವ್ಯಾಟ್‌ಗೆ ವರ್ಷಕ್ಕೆ 1,400 ಯೂನಿಟ್ ಅಂತ ಹಿಡಿಯೋಣ. ಒಟ್ಟು 14,000 ಯೂನಿಟ್. ಇದನ್ನು 600ರಿಂದ ಭಾಗಿಸಿದರೆ ಚದರ ಮೀಟರ್‌ಗೆ 23 ಯೂನಿಟ್ ಸಿಗುತ್ತದೆ. ದೀಪ, ಲಿಫ್ಟ್, ಅಡುಗೆ, ಬಿಸಿನೀರು, ಎಸಿ, ಎಲ್ಲ ಇಷ್ಟರೊಳಗೇ ಮುಗಿಯಬೇಕು. ಹನ್ನೆರಡು ಅಂತಸ್ತಾದರೆ ಅದರಲ್ಲೂ ಅರ್ಧ.

ಈ ಲೆಕ್ಕ ಮುಂದಿಟ್ಟ ಮೇಲೆ ಸಭೆಯಲ್ಲಿ ಪ್ಯಾನೆಲ್ ಮಾತು ಹಿಂದಕ್ಕೆ ಹೋಯಿತು. ಕಿಟಕಿಯ ನೆರಳು, ಗೋಡೆಯ ಇನ್ಸುಲೇಷನ್, ತಾನಾಗಿ ಬರುವ ಗಾಳಿ ಇವುಗಳ ಮಾತು ಮುಂದೆ ಬಂತು. ಬಡಾವಣೆ ಎಂಬ ಅಳತೆ ಯಾಕೆ ಬೇಕು ಅನ್ನುವುದೂ ಅಲ್ಲೇ ಗೊತ್ತಾಯಿತು. ಎತ್ತರದ ಮನೆಗಳಿಗೆ ತಮ್ಮದೇ ತಾರಸಿ ಎಂದೂ ಸಾಕಾಗದು. ಶಾಲೆ, ಮಾರುಕಟ್ಟೆ, ಪಾರ್ಕಿಂಗ್ ಶೆಡ್‌ನಂಥ ತಗ್ಗಿನ ಕಟ್ಟಡಗಳ ಮಾಡು ಅವುಗಳಿಗೆ ನೆರವಾಗಬೇಕು.

ಮಾಡೆಲ್ ಕಟ್ಟುವ ಕೆಲಸದಲ್ಲಿ ಹೆಚ್ಚು ಹೊತ್ತು ತಿಂದದ್ದು ಸಾಫ್ಟ್‌ವೇರ್ ಅಲ್ಲ. ಸಾಫ್ಟ್‌ವೇರ್‌ಗೇನೂ ಕೊರತೆ ಇಲ್ಲ. ಒಂದೊಂದು ಕಟ್ಟಡವನ್ನು ಬಿಡಿಸಿ ನೋಡಲು ಎನರ್ಜಿಪ್ಲಸ್ ಇದೆ. ಇಡೀ ಬಡಾವಣೆಗೆ ಜ್ಯೂರಿಕ್‌ನ ಇಟಿಎಚ್ ವಿಶ್ವವಿದ್ಯಾಲಯದಲ್ಲಿ ಹುಟ್ಟಿದ ಸಿಟಿ ಎನರ್ಜಿ ಅನಲಿಸ್ಟ್ ಇದೆ. ಎರಡೂ ಉಚಿತ. ಕಟ್ಟಡಗಳ ಆಕಾರವನ್ನು ಸಿಟಿಜಿಎಂಎಲ್ ಎಂಬ ಮಾನಕದಲ್ಲಿ ಇಟ್ಟುಕೊಂಡೆವು. ಕಟ್ಟಡವನ್ನು ಸುಮ್ನೆ ಡಬ್ಬಿಯ ಹಾಗೆ ತೋರಿಸುವ ಮಟ್ಟವೊಂದು ಅದರಲ್ಲಿದೆ. ಮಾಡಿನ ಇಳಿಜಾರನ್ನೂ ತೋರಿಸುವ ಮಟ್ಟ ಇನ್ನೊಂದು. ಬಿಸಿಲಿನ ಲೆಕ್ಕಕ್ಕೆ ಎರಡನೆಯದೇ ಬೇಕು.

ಹೊತ್ತು ತಿಂದದ್ದು ಗುರುತಿನ ಸಂಖ್ಯೆ. ನಾವು ಹೊಸದಾಗಿ ಕಟ್ಟುವ ಭಾಗದ ಜೊತೆ ಹಳೆಯ ಕಟ್ಟಡಗಳೂ ಇದ್ದವು. ಒಂದೇ ಕಟ್ಟಡಕ್ಕೆ ಸರ್ವೆಯಲ್ಲಿ ಒಂದು ನಂಬರ್, ತೆರಿಗೆ ಪಟ್ಟಿಯಲ್ಲಿ ಇನ್ನೊಂದು, ವಿದ್ಯುತ್ ಮೀಟರಿಗೆ ಮತ್ತೊಂದು. ಯಾವ ಮೀಟರ್ ಯಾವ ಕಟ್ಟಡದ್ದು ಅಂತ ಗೊತ್ತಿಲ್ಲದೆ ತಾಳೆ ನೋಡುವುದು ಹೇಗೆ? ಒಂದು ಕಟ್ಟಡಕ್ಕೆ ಎರಡು ಮೀಟರ್ ಇರುವುದೂ ಇತ್ತು, ಒಂದೇ ಮೀಟರಿಗೆ ಮೂರು ಕಟ್ಟಡ ಜೋಡಿಸಿದ್ದೂ ಇತ್ತು. ಜಾಗಕ್ಕೇ ಹೋಗಿ ನೋಡಿ, ಎಲ್ಲಕ್ಕೂ ನಮ್ಮದೇ ಒಂದು ನಂಬರ್ ಕೊಟ್ಟು ಪಟ್ಟಿ ಮಾಡಿದೆವು. ಇಡೀ ಟ್ವಿನ್ ನಿಂತಿರುವುದು ಆ ಪಟ್ಟಿಯ ಮೇಲೆ. ಈ ಕೆಲಸ ಶುರು ಮಾಡುವವರು ಮೊದಲು ಅದನ್ನೇ ಮಾಡಿ.

ಮುಂದಿನದು ತಾಳೆ ಹಾಕುವುದು. ಹಳೆಯ ಕಟ್ಟಡಗಳ ಮೀಟರ್ ಅಂಕಿಯನ್ನು ಮಾಡೆಲ್ ಹೇಳಿದ ಅಂಕಿಯ ಪಕ್ಕ ಇಟ್ಟು ನೋಡಬೇಕು. ಇಲ್ಲಿ ಹವಾಮಾನದ ಫೈಲಿನ ಬಗ್ಗೆ ಹುಷಾರು. ಸಿಮ್ಯುಲೇಷನ್‌ಗೆ ಸಾಮಾನ್ಯವಾಗಿ ಬಳಸುವುದು ಹಲವು ವರ್ಷಗಳ ಅಂಕಿಯಿಂದ ಜೋಡಿಸಿದ ಮಾದರಿ ವರ್ಷ. ತಾಳೆಗೆ ಅದು ನಡೆಯುವುದಿಲ್ಲ. ಮೀಟರ್ ಓದಿದ ವರ್ಷದ ನಿಜವಾದ ಬಿಸಿಲು, ಸೆಕೆ, ಮೋಡವೇ ಬೇಕು. ಗಡಿಯಾರವನ್ನೂ ನೋಡಬೇಕು. ಕೆಲವು ಮೀಟರ್‌ಗಳು 10ರಿಂದ 11ರ ಬಳಕೆಯನ್ನು 10 ಅಂತ ಬರೆಯುತ್ತವೆ, ಕೆಲವು 11 ಅಂತ. ಹವಾಮಾನದ ಫೈಲಿಗೂ ಅದರದ್ದೇ ಪದ್ಧತಿ ಇರುತ್ತದೆ. ಒಂದು ಗಂಟೆ ಜಾರಿದರೂ ಸೋಲಾರ್ ಮತ್ತು ಬಳಕೆ ಎಷ್ಟು ಹೊಂದುತ್ತವೆ ಅನ್ನುವ ಲೆಕ್ಕ ಬೇರೆಯೇ ಆಗುತ್ತದೆ.

ಎಷ್ಟು ಹೊಂದಿದರೆ ಸಾಕು? ಕಟ್ಟಡಗಳ ಎಸಿ, ಹೀಟಿಂಗ್ ಎಂಜಿನಿಯರುಗಳ ಸಂಸ್ಥೆಯಾದ ಆಶ್ರೇಯ 14ನೇ ಮಾರ್ಗದರ್ಶಿಯಲ್ಲಿ ಮಿತಿ ಇದೆ. ತಿಂಗಳ ಅಂಕಿಗಳಲ್ಲಿ ಒಟ್ಟು ವಾಲುವಿಕೆ, ಅಂದರೆ ಮಾಡೆಲ್ ಒಟ್ಟಾರೆ ಜಾಸ್ತಿ ಇಲ್ಲವೇ ಕಡಿಮೆ ಹೇಳುವುದು, ಶೇ 5ರೊಳಗೆ ಇರಬೇಕು. ಏರಿಳಿತದ ವ್ಯತ್ಯಾಸ, ಅಂದರೆ ಒಂದೊಂದು ಅಂಕಿಯೂ ಮೀಟರಿನಿಂದ ಎಷ್ಟು ದೂರ ಅನ್ನುವುದು, ಶೇ 15ರೊಳಗೆ ಇರಬೇಕು. ಗಂಟೆಯ ಅಂಕಿಗಳಿಗೆ ಅದು ಶೇ 10 ಮತ್ತು ಶೇ 30. ನಾನು ಮೊದಲು ನೋಡುವುದು ಮಾತ್ರ ಬೆಳಗಿನ ಜಾವ ಮೂರು ಗಂಟೆಯ ಅಂಕಿ. ಒಂದು ಕಚೇರಿಯಲ್ಲಿ ಯಾರೂ ಇಲ್ಲದ ಹೊತ್ತಲ್ಲೂ ಮೀಟರ್ ಜೋರಾಗೇ ಓಡುತ್ತಿತ್ತು. ಸರ್ವರ್, ನಿಲ್ಲಿಸದ ವೆಂಟಿಲೇಷನ್ ಫ್ಯಾನ್, ಆರಿಸದ ದೀಪ. ಇವು ಯಾವ ನಕ್ಷೆಯಲ್ಲೂ ಇರುವುದಿಲ್ಲ ಅಲ್ವಾ?

ಹೀಗೆ ನಂಬಿಕೆ ಬಂದ ಮಾಡೆಲನ್ನು ವರ್ಷದ 8,760 ಗಂಟೆಗೂ ಓಡಿಸಿದೆವು. ವರ್ಷದ ಒಟ್ಟು ಲೆಕ್ಕದಲ್ಲಿ ಬಡಾವಣೆ ಗೆದ್ದಿತ್ತು. ಗಂಟೆಯ ಲೆಕ್ಕ ಬೇರೆ ಕಥೆ ಹೇಳಿತು. ಮಧ್ಯಾಹ್ನ ಉತ್ಪಾದನೆ ಉಕ್ಕಿ ಹೊರಗಿನ ಗ್ರಿಡ್‌ಗೆ ಹರಿಯುತ್ತಿತ್ತು. ಸಂಜೆ ಎಲ್ಲರೂ ಮನೆಗೆ ಬಂದಾಗ ಅದೇ ಗ್ರಿಡ್‌ನಿಂದ ಎಳೆದುಕೊಳ್ಳುತ್ತಿತ್ತು. ಎರಡೂ ಹೊತ್ತಲ್ಲಿ ಟ್ರಾನ್ಸ್‌ಫಾರ್ಮರ್ ಮೇಲೆ ಭಾರ. ಮಧ್ಯಾಹ್ನ ಲೈನಿನ ಕೊನೆಯ ಮನೆಗಳಲ್ಲಿ ವೋಲ್ಟೇಜ್ ಏರುವ ಸೂಚನೆಯೂ ಕಂಡಿತು.

ಟ್ವಿನ್ ನಿಜಕ್ಕೂ ಕೆಲಸಕ್ಕೆ ಬಂದದ್ದು ಇಲ್ಲಿ. ಬ್ಯಾಟರಿ ಇಡೋಣ ಅನ್ನುವುದು ಎಲ್ಲರ ಬಾಯಿಗೂ ಬರುವ ಮೊದಲ ಮಾತು. ನಾವು ಅದನ್ನು ಕೊನೆಗೆ ಇಟ್ಟೆವು. ಮೊದಲು ಬಿಸಿನೀರನ್ನು ಮಧ್ಯಾಹ್ನವೇ ಕಾಯಿಸಿ ಟ್ಯಾಂಕಿನಲ್ಲಿ ಇಟ್ಟು ನೋಡಿದೆವು. ಸುತ್ತಲಿನ ಗಾಳಿಯ ಶಾಖವನ್ನು ಎಳೆದು ನೀರಿಗೆ ಸೇರಿಸುವ ಹೀಟ್ ಪಂಪ್ ಒಂದು ಯೂನಿಟ್ ಕರೆಂಟಿಗೆ ಸುಮಾರು ಮೂರು ಯೂನಿಟ್ ಶಾಖ ಕೊಡುತ್ತದೆ. ಇನ್ಸುಲೇಷನ್ ಇರುವ ಟ್ಯಾಂಕ್ ಅದನ್ನು ರಾತ್ರಿವರೆಗೆ ಹಿಡಿದಿಡುತ್ತದೆ. ಮಾರುಕಟ್ಟೆಯ ಕೋಲ್ಡ್ ಸ್ಟೋರೇಜ್ ಹೊರಗೆ ಚೆಲ್ಲುವ ಶಾಖವನ್ನು ಪಕ್ಕದ ಮನೆಗಳ ಬಿಸಿನೀರಿಗೆ ತಿರುಗಿಸುವುದನ್ನೂ ಪರೀಕ್ಷಿಸಿದೆವು. ಪೈಪು ಹತ್ತಿರದಲ್ಲೇ ಮುಗಿದರೆ ಅದು ಲಾಭ. ದೂರ ಎಳೆದರೆ ದಾರಿಯಲ್ಲೇ ಶಾಖ ಸೋರಿ ಹೋಗುತ್ತದೆ.

ನನಗೆ ಬಹಳ ಹಿಡಿಸಿದ್ದು ಪಶ್ಚಿಮದ ಪ್ಯಾನೆಲ್‌ಗಳು. ಪಶ್ಚಿಮಕ್ಕೆ ಮುಖ ಮಾಡಿದ ಪ್ಯಾನೆಲ್ ವರ್ಷದ ಲೆಕ್ಕದಲ್ಲಿ ಸ್ವಲ್ಪ ಕಡಿಮೆ ಕೊಡುತ್ತದೆ. ಆದರೆ ಇಳಿಹೊತ್ತಿನಲ್ಲಿ, ಬೇಡಿಕೆ ಏರತೊಡಗುವಾಗ, ಜಾಸ್ತಿ ಕೊಡುತ್ತದೆ. ವರ್ಷದ ಲೆಕ್ಕ ಮಾತ್ರ ನೋಡಿದರೆ ಯಾರೂ ಅದನ್ನು ಆರಿಸುವುದಿಲ್ಲ. ಕೆಲವು ಮಾಡುಗಳನ್ನು ಹಾಗೆ ತಿರುಗಿಸಿದ ಮೇಲೆ ನಮ್ಮ ಬ್ಯಾಟರಿಯ ಗಾತ್ರವೇ ಇಳಿಯಿತು.

ಎಲೆಕ್ಟ್ರಿಕ್ ವಾಹನಗಳ ಚಾರ್ಜಿಂಗ್ ಲೆಕ್ಕದ ಒಳಗೋ ಹೊರಗೋ ಅನ್ನುವುದು ದೊಡ್ಡ ಚರ್ಚೆಯಾಯಿತು. ಹೊರಗಿಟ್ಟರೆ ಬಡಾವಣೆ ಸುಲಭವಾಗಿ ಗೆಲ್ಲುತ್ತದೆ. ನಾನು ಒಳಗಿಡಬೇಕು ಅಂತ ಪಟ್ಟು ಹಿಡಿದೆ. ಆ ಕರೆಂಟು ಹೋಗುವುದು ಅದೇ ತಂತಿಯಲ್ಲಿ, ಅದೂ ಹೆಚ್ಚಾಗಿ ಸಂಜೆಯೇ. ಇಂಥ ಗಡಿಯನ್ನು ಫಲಿತಾಂಶ ನೋಡುವ ಮೊದಲೇ ಬರೆದಿಡಬೇಕು.

ಮೀಟರ್ ಅಂಕಿಯ ಬಗ್ಗೆ ಇನ್ನೊಂದು ಮಾತು. ಗಂಟೆಗಂಟೆಯ ಓದಿನಿಂದ ಮನೆ ಯಾವಾಗ ಖಾಲಿ ಇರುತ್ತದೆ ಅನ್ನುವುದು ತಿಳಿದುಬಿಡುತ್ತದೆ. ಅದಕ್ಕೇ ಒಂದು ಕಟ್ಟಡದ ಎಲ್ಲ ಮನೆಗಳ ಬಳಕೆಯನ್ನು ಕೂಡಿಸಿದ ಮೇಲೆ ಮಾತ್ರ ಮಾಡೆಲಿಗೆ ಕೊಡುತ್ತೇವೆ. ಬಿಡಿ ಅಂಕಿ ನನ್ನ ಕಂಪ್ಯೂಟರಿಗೂ ಬರುವುದಿಲ್ಲ.

ಈಗ ಮೊದಲ ಹಂತದ ಕಟ್ಟಡಗಳಿಗೆ ಜನ ಬಂದಿದ್ದಾರೆ, ಅವುಗಳ ಮೀಟರ್ ಟ್ವಿನ್‌ಗೆ ಸೇರಿದೆ. ಬೆಳಗಿನ ಬಿಸಿನೀರಿನ ಬಳಕೆ ನಾವು ಎಣಿಸಿದ್ದಕ್ಕಿಂತ ಬೇಗ ಶುರುವಾಗುತ್ತಿದೆ. ಟ್ಯಾಂಕಿನ ಗಾತ್ರ ಮತ್ತು ಪಶ್ಚಿಮದ ಪ್ಯಾನೆಲ್‌ಗಳ ಪಾಲನ್ನು ಹೊಸ ಅಂಕಿಯ ಮೇಲೆ ಮತ್ತೆ ಓಡಿಸುತ್ತಿದ್ದೇನೆ. ಎರಡನೇ ಹಂತದ ಮಾಡಿನ ನಕ್ಷೆಗೆ ಸಹಿ ಬೀಳುವ ಮೊದಲು ಅದು ವಾಸ್ತುಶಿಲ್ಪಿಗಳ ಕೈ ಸೇರಬೇಕು.