ಹಳೇ ಫೋನು, ಚಾರ್ಜರ್, ಡಬ್ಬಾ ಟಿವಿ: ಎಲ್ಲಿಗೆ ಕೊಡೋದು, ಹೇಗೆ ಕೊಡೋದು

ಹೋದ ತಿಂಗ್ಳು ಶೋಕೇಸ್ ಡ್ರಾಯರ್ ಕ್ಲೀನ್ ಮಾಡ್ತಿದ್ದಾಗ ಒಂದು ಹಳೇ ಫೋನ್ ಸಿಕ್ತು, ಹಿಂದಿನ ಕವರ್ ಪೂರಿ ಥರ ಉಬ್ಬಿ ಸ್ಕ್ರೀನ್ ಒಂದ್ ಕಡೆಯಿಂದ ಎದ್ದ್ಬಿಟ್ಟಿತ್ತು. ನಿಮ್ಮನೇಲೂ ಇಂಥದ್ದು ಇದ್ರೆ ಮೊದಲ ಕೆಲಸ ಅದೇ. ಚಾರ್ಜಿಗೆ ಹಾಕ್ಬೇಡಿ, ಒತ್ತಬೇಡಿ, ಚುಚ್ಚಬೇಡಿ. ಉಬ್ಬಿರೋದು ಒಳಗಿನ ಲಿಥಿಯಂ ಬ್ಯಾಟರಿ, ಅದು ಬೆಂಕಿ ಹತ್ಕೊಂಡ್ರೆ ಆರಿಸೋದು ಕಷ್ಟ. ಒಂದು ಸ್ಟೀಲ್ ಪಾತ್ರೆಗೆ ಒಣ ಮರಳು ಹಾಕಿ ಅದ್ರಲ್ಲಿಟ್ಟು, ಪೇಪರ್ರು ಬಟ್ಟೆ ಏನೂ ಇಲ್ಲದ ಕಡೆ ಇಡಿ, ಆದಷ್ಟು ಬೇಗ ಕೊಟ್ಬಿಡಿ.

ಚೆನ್ನಾಗಿರೋ ಫೋನ್ ಆದ್ರೆ ರೀಸೆಟ್ ಮಾಡೋಕ್ ಮುಂಚೆ ಸೆಟ್ಟಿಂಗ್ಸ್‌ಗೆ ಹೋಗಿ ಗೂಗಲ್ ಅಕೌಂಟ್ ತೆಗೀರಿ. ಎಷ್ಟೋ ಜನ ಇದನ್ನ ಮರೀತಾರೆ, ಆಮೇಲೆ ಫೋನ್ ಲಾಕ್ ಆಗಿ ರಿಪೇರಿಯವ್ರಿಗೂ ಉಪಯೋಗಕ್ಕೆ ಬರದೆ ಇನ್ನೂ ನಾಲ್ಕು ವರ್ಷ ಓಡ್ಬೇಕಿದ್ದ ಫೋನು ಸ್ಕ್ರ್ಯಾಪ್ ಆಗ್ಹೋಗುತ್ತೆ. ಸಿಮ್ಮು, ಮೆಮೊರಿ ಕಾರ್ಡ್ ತೆಗೀರಿ. ಕಂಪ್ಯೂಟರ್ ಹಾರ್ಡ್‌ಡಿಸ್ಕ್ ಬರೀ ಫಾರ್ಮ್ಯಾಟ್ ಮಾಡಿದ್ರೆ ಫೈಲ್ ಪೂರ್ತಿ ಹೋಗಲ್ಲ, ಅಳಿಸೋ ಸಾಫ್ಟ್‌ವೇರ್ ಓಡಿಸಿ, ಇಲ್ಲಾಂದ್ರೆ ಡಿಸ್ಕ್ ತೆಗೆದು ಇಟ್ಕೊಳ್ಳಿ.

ಗುಜರಿಗೆ ಯಾಕೆ ಹಾಕ್ಬಾರ್ದು ಅಂತ ಕೇಳ್ತೀರಾ? ಬೀದಿ ಸುತ್ತಿ ಕಲೆಕ್ಟ್ ಮಾಡೋರ ಮೇಲೆ ನಂಗೆ ಸಿಟ್ಟಿಲ್ಲ, ಅವ್ರಿಲ್ದಿದ್ರೆ ಅರ್ಧ ಊರು ಕಸದಲ್ಲಿ ಮುಳುಗಿರೋದು. ಆದ್ರೆ ಮುಂದೆ ಆ ಸಾಮಾನು ಹೋಗೋ ಜಾಗದಲ್ಲಿ ತಾಮ್ರಕ್ಕೋಸ್ಕರ ವೈರ್ ಸುಡ್ತಾರೆ, ವೈರ್ ಮೇಲಿನ ಪಿವಿಸಿ ಪ್ಲಾಸ್ಟಿಕ್ ಸುಟ್ರೆ ಡಯಾಕ್ಸಿನ್ ಅನ್ನೋ ವಿಷ ಬರುತ್ತೆ, ಚೂರು ಚಿನ್ನಕ್ಕೋಸ್ಕರ ಒಳಗಿನ ಸರ್ಕ್ಯೂಟ್ ಬೋರ್ಡನ್ನ ಆಸಿಡ್ಡಲ್ಲಿ ಅದ್ದಿ ಉಳಿದದ್ದನ್ನ ಮೋರಿಗೆ ಚೆಲ್ತಾರೆ. ದಿಲ್ಲಿಯ ಸೀಲಂಪುರದಲ್ಲಿ ವರ್ಷಗಟ್ಟಲೆ ಬರಿಗೈಲಿ ಹಳೇ ಸಾಮಾನು ಬಿಚ್ಚೋ ಕೆಲ್ಸ ನಡೆದಿದೆ, ಮಕ್ಕಳೂ ಮಾಡಿದ್ದಾರೆ. ನಂಗೆ ಹೊಟ್ಟೆ ಉರಿಯೋದು ಇಲ್ಲೇ.

ಡಬ್ಬಾ ಟಿವಿ ಇದ್ರೆ ಹಾಗೇ ಇಡಿಯಾಗಿ ಕೊಡಿ. ಬಿಚ್ಚಿ ತಾಮ್ರದ ಕಾಯಿಲ್ ತೆಗೆದು ಗಾಜು ಬಿಸಾಕಿದ್ರೆ ಅದರಲ್ಲಿರೋ ಸೀಸ ಮಣ್ಣಿಗೆ ಸೇರುತ್ತೆ. ಟ್ಯೂಬ್‌ಲೈಟ್ ಒಡೀಬಾರ್ದು, ಪಾದರಸ ಇರುತ್ತೆ.

ಕೊಡೋದೆಲ್ಲಿ? ಕರ್ನಾಟಕ ರಾಜ್ಯ ಮಾಲಿನ್ಯ ನಿಯಂತ್ರಣ ಮಂಡಳಿ ವೆಬ್‌ಸೈಟಲ್ಲಿ ಅನುಮತಿ ಇರೋ ರೀಸೈಕಲ್ ಮಾಡೋರ ಪಟ್ಟಿ ಸಿಗುತ್ತೆ. ಬೆಂಗಳೂರು ಹತ್ರ ದಾಬಸ್‌ಪೇಟೆಲಿ ಇ-ಪರಿಸರ ಅನ್ನೋ ಘಟಕ 2005ರಿಂದ ಈ ಕೆಲ್ಸ ಮಾಡ್ತಿದೆ. ಏಪ್ರಿಲ್ 2023ರಿಂದ ಜಾರಿಯಾದ ಹೊಸ ನಿಯಮದ ಪ್ರಕಾರ ಹಳೇ ಸಾಮಾನು ರೀಸೈಕಲ್ ಆಗೋ ಥರ ನೋಡ್ಕೊಳ್ಳೋ ಜವಾಬ್ದಾರಿ ತಯಾರಿಸೋ ಕಂಪನಿಗಳ ಮೇಲೂ ಇದೆ, ಅದಕ್ಕೇ ಬ್ರ್ಯಾಂಡ್ ಕಸ್ಟಮರ್ ಕೇರ್‌ಗೂ ಒಂದ್ಸಲ ಫೋನ್ ಮಾಡಿ ನೋಡಿ. ಎರಡು ಕೆಜಿಗೆ ಯಾರೂ ಗಾಡಿ ಕಳ್ಸಲ್ಲ, ಅದಕ್ಕೆ ಅಪಾರ್ಟ್‌ಮೆಂಟಲ್ಲೋ ರಸ್ತೇಲೋ ನಾಲ್ಕೈದು ಮನೆಯವ್ರು ಸೇರಿ ಒಂದು ಭಾನುವಾರ ಎಲ್ಲಾ ಒಟ್ಟುಮಾಡಿ ಕರೀರಿ. ಬಂದವ್ರ ಹತ್ರ ಮಂಡಳಿ ಅನುಮತಿ ಪತ್ರ ಕೇಳಿ ನೋಡಿ, ತೂಕ ಬರೆದ ರಸೀದಿ ಇಸ್ಕೊಂಡೇ ಕಳ್ಸಿ.