ಲ್ಯಾಟಿನ್ ಪರಿಮಾಣದ ಪದಗಳನ್ನು ಕನ್ನಡದಲ್ಲೇ ಕಲಿಸಿದೆ: ನನ್ನ ಅನುಭವ

ಲ್ಯಾಟಿನ್ ಕಲಿಸುವುದಾದರೆ ಇಂಗ್ಲಿಷ್ ಮೂಲಕವೇ, ಕನ್ನಡದಲ್ಲಿ ಆಗುವ ಮಾತಲ್ಲ ಅಂತ ಜೊತೆಯ ಮೇಷ್ಟ್ರುಗಳು ಹೇಳುತ್ತಲೇ ಇದ್ದರು. ಈಗ ನನ್ನ ಸಂಜೆ ಪಾಠದ ಹುಡುಗರು ಪರಿಮಾಣದ ಪದಗಳಲ್ಲಿ, ಅಂದರೆ ಎಷ್ಟು, ಸಾಕಷ್ಟು, ಬಹಳ ಅನ್ನುವ ಪದಗಳಲ್ಲಿ, ಎಡವುವುದು ಅಪರೂಪ.

ಮೊದಮೊದಲು ಪಟ್ಟಿ ಬಾಯಿಪಾಠ ಮಾಡಿಸಿದೆ. ಸತಿಸ್ (ಸಾಕಷ್ಟು), ಪರುಂ (ಸಾಲದಷ್ಟು), ನಿಮಿಸ್ (ಅತಿಯಾಗಿ). ಅರ್ಥ ಎಲ್ಲರಿಗೂ ಬಂತು, ವಾಕ್ಯ ಒಬ್ಬರಿಗೂ ಬರಲಿಲ್ಲ. ಆಮೇಲೆ ಆ್ಯಪ್ ಒಂದರ ಚಂದಾಕ್ಕೆ ಎರಡು ಸಾವಿರದ ಹತ್ತಿರ ಹೋಯಿತು. ಅದೂ ಕೇಳುವುದು ಬರೀ ಅರ್ಥ. ಕೊನೆಗೆ ಬಣ್ಣದ ಕಾರ್ಡ್ ಮಾಡಿಸಿದೆ, ಲ್ಯಾಮಿನೇಷನ್ ಸೇರಿ ಎಂಟುನೂರು ಚಿಲ್ಲರೆ. ಖರ್ಚು ಮಾಡಿದ್ದರಲ್ಲಿ ಕೆಲಸಕ್ಕೆ ಬಂದದ್ದು ಇದೊಂದೇ.

ಕಾರ್ಡಿನ ಮೇಲೆ ಅರ್ಥ ಇಲ್ಲ. ಪಕ್ಕದ ಪದ ಯಾವ ವಿಭಕ್ತಿಯಲ್ಲಿ ಬರುತ್ತದೆ ಅನ್ನೋದು ಮಾತ್ರ. ಹಳದಿ ಕಾರ್ಡಿಗೆ ಷಷ್ಠಿ ಬೇಕು. ರೋಮ್‌ನಲ್ಲಿ ಪಿತೂರಿ ಮಾಡಿದ ಕತಿಲೀನನ ಬಗ್ಗೆ ಇತಿಹಾಸಕಾರ ಸಲ್ಲುಸ್ಟ್ ‘ಸತಿಸ್ ಎಲೊಕ್ವೆಂತಿಯೈ, ಸಪಿಯೆಂತಿಯೈ ಪರುಂ’ ಅಂದನಲ್ಲ, ಮಾತು ಬೇಕಾದಷ್ಟು, ವಿವೇಕ ಸಾಲದು ಅಂತ. ಈ ಒಂದು ಸಾಲು ಹಳದಿಗೆ ಸಾಕು. ಆದರೆ ಹಳದಿ ನಡೆಯುವುದು ಪರಿಮಾಣದ ಪದ ಪ್ರಥಮಾ, ದ್ವಿತೀಯಾದಲ್ಲಿ ಇದ್ದಾಗ ಮಾತ್ರ. ‘ಬಹಳ ದುಡ್ಡಿನಿಂದ’ ಅನ್ನಬೇಕಾದರೆ ಷಷ್ಠಿ ಬಿಟ್ಟು ‘ಮುಲ್ತಾ ಪೆಕೂನಿಯಾ’ ಅನ್ನಬೇಕು. ಹುಡುಗರು ಜಾಸ್ತಿ ಬೀಳುತ್ತಿದ್ದದ್ದು ಇಲ್ಲೇ. ‘ನಿಹಿಲ್ ನೊವೀ’ (ಹೊಸದೇನೂ ಇಲ್ಲ) ಷಷ್ಠಿಯಲ್ಲಿ ಸರಿ, ಆದರೆ ‘ನಿಹಿಲ್ ಊತಿಲೆ’ (ಉಪಯೋಗದ್ದೇನೂ ಇಲ್ಲ) ಷಷ್ಠಿ ಇಲ್ಲದೆ. ಷಷ್ಠಿ ಹಾಕಿ ಊತಿಲಿಸ್ ಅಂದರೆ ಕಾರ್ಡ್ ವಾಪಸ್.

ಕೆಂಪು ಕಾರ್ಡ್ ಸಾವಿರಕ್ಕೆ. ‘ಮೀಲ್ಲೆ ಪಸ್ಸೂಸ್’ (ಸಾವಿರ ಹೆಜ್ಜೆ) ಅಂದರೆ ಷಷ್ಠಿ ಇಲ್ಲ, ಎರಡು ಸಾವಿರ ಆದ ಕೂಡಲೇ ‘ದುವೊ ಮೀಲಿಯ ಪಸ್ಸುವುಂ’, ಷಷ್ಠಿ.

ಹಸಿರು ಕಾರ್ಡ್ ‘ಎಷ್ಟೋ ಅಷ್ಟು’ ಜೋಡಿಗೆ. ಇಲ್ಲಿ ಕನ್ನಡ ಗೆದ್ದಿತು. ಆ ಜೋಡಿ ನಮ್ಮಲ್ಲಿ ಸಿದ್ಧವಾಗೇ ಇದೆ. ರೋಮನ್ ನಾಟಕಕಾರ ಟೆರೆನ್ಸ್‌ನ ‘ಕ್ವೊತ್ ಹೊಮಿನೇಸ್, ತೊತ್ ಸೆಂತೆಂತಿಯೈ’: ಎಷ್ಟು ಜನವೋ ಅಷ್ಟು ಅಭಿಪ್ರಾಯ. ‘ಕ್ವೋ ಕೆಲೆರಿಯುಸ್, ಎಓ ಮೆಲಿಯುಸ್’: ಎಷ್ಟು ಬೇಗವೋ ಅಷ್ಟು ಒಳ್ಳೆಯದು. ವಿವರಣೆಯೇ ಬೇಕಾಗಲಿಲ್ಲ. ಕ್ವೋ, ಎಓ ಥರ, ಕನ್ನಡದಲ್ಲಿ ಪ್ರತ್ಯಯ ಇಲ್ಲದ ಕಡೆ ಲ್ಯಾಟಿನ್ ಪಂಚಮಿ ಹಾಕುತ್ತದೆ ಅಂತ ಒಂದೇ ಮಾತು ಸೇರಿಸಿದೆ. ‘ಮುಲ್ತೋ’ (ಬಹಳಷ್ಟು), ‘ಪೌಲೋ’ (ಸ್ವಲ್ಪ) ಎರಡೂ ಅದರ ಹಿಂದೆಯೇ ಬಂದವು. ಕಾರ್ಡ್ ಹಂಚುವ ಕ್ರಮ ಮಾತ್ರ ಇಲ್ಲಿ ಹೇಳುವುದಿಲ್ಲ, ಅದು ನನ್ನ ಹತ್ತಿರವೇ ಇರಲಿ.

ಮಧ್ಯೆ ಬೆಲೆಯ ಪದಗಳನ್ನೂ ಸುಮ್ನೆ ಪ್ರಯೋಗಕ್ಕೆ ತೆಗೆದುಕೊಂಡೆ. ಈರುಳ್ಳಿ, ಟೊಮೆಟೊ ಮುಂದಿಟ್ಟು ‘ಕ್ವಂತೀ ಏಮಿಸ್ತೀ?’, ಎಷ್ಟಕ್ಕೆ ಕೊಂಡೆ ಅಂತ ಕೇಳುವ ಆಟ. ಕ್ವಂತೀ (ಎಷ್ಟಕ್ಕೆ), ತಂತೀ (ಅಷ್ಟಕ್ಕೆ), ಪ್ಲೂರಿಸ್ (ಹೆಚ್ಚಿಗೆ), ಮಿನೋರಿಸ್ (ಕಡಿಮೆಗೆ) ಷಷ್ಠಿ. ‘ದುಬಾರಿಗೆ’ ಅಂದರೆ ‘ಮಗ್ನೋ’, ‘ಅಗ್ಗಕ್ಕೆ’ ಅಂದರೆ ‘ಪರ್ವೋ’, ಎರಡೂ ಪಂಚಮಿ. ಇದಿನ್ನೂ ಅರ್ಧ ತರಗತಿಗೆ ಮಾತ್ರ ಹಿಡಿದಿದೆ. ಇದಕ್ಕೆ ಬಿಳಿ ಕಾರ್ಡ್ ಮಾಡಿಸಲು ಕೊಟ್ಟಿದ್ದೇನೆ.