ಕೇಸ್ ಶೀಟಿನಲ್ಲಿ ಮೂರು ಸಾಲು

ಸರ್ಕಾರಿ ಆಸ್ಪತ್ರೆಯಲ್ಲಿ ಸಮಾಜ ಕಾರ್ಯಕರ್ತೆಯಾಗಿ ಸೇರಿದ ಹೊಸದರಲ್ಲಿ ಡಾಕ್ಟರುಗಳು ನನ್ನನ್ನು ಕರೆಯುತ್ತಿದ್ದದ್ದು ಎರಡೇ ಕೆಲಸಕ್ಕೆ: ಆಯುಷ್ಮಾನ್ ಕಾರ್ಡ್ ಮಾಡಿಸಲು, ಡಿಸ್ಚಾರ್ಜ್ ಆದರೂ ದಿಕ್ಕಿಲ್ಲದವರಿಗೆ ಜಾಗ ಹುಡುಕಲು. ರೋಗಿಗಳ ಮನೆ, ದುಡಿಮೆ, ಊಟ ಎಲ್ಲ ವಿಚಾರಿಸಿ ಉದ್ದುದ್ದ ಬರೆಯುತ್ತಿದ್ದೆ. ಬರೆದದ್ದೆಲ್ಲ ನನ್ನ ರಿಜಿಸ್ಟರಿನಲ್ಲೇ ಉಳಿಯುತ್ತಿತ್ತು.

ಒಂದು ದಿನ ಗಾರೆ ಕೆಲಸದವರೊಬ್ಬರು ಟಿಬಿ ವಾರ್ಡಿಗೆ ಬಂದರು. ತೂಕ 38 ಕೆಜಿ. ಆರು ತಿಂಗಳ ಮಾತ್ರೆಯನ್ನು ಎರಡನೇ ಸಲ ನಡುವೆ ಬಿಟ್ಟಿದ್ದರು. ಹೇಳಿದ್ದು ಕೇಳುವುದಿಲ್ಲ ಅಂತ ವಾರ್ಡಿನಲ್ಲೆಲ್ಲ ಹೆಸರಾಗಿತ್ತು. ಮಂಚದ ಪಕ್ಕ ಕೂತು ಮಾತಾಡಿಸಿದೆ. ಸುಮಾರು ಹೊತ್ತಾದ ಮೇಲೆ ದನಿ ತಗ್ಗಿಸಿ ಹೇಳಿದರು: "ಉಚ್ಚೆ ಕೆಂಪಗೆ ಬರ್ತಿತ್ತಮ್ಮ. ರಕ್ತ ಹೋಗ್ತಿದೆ ಅಂತ ಹೆದರಿ ಬಿಟ್ಟೆ." ಬೆಳಗ್ಗೆ ಆರಕ್ಕೇ ಕೆಲಸಕ್ಕೆ ಹೊರಡುವವರು. ಬರೀ ಹೊಟ್ಟೆಯಲ್ಲಿ ನುಂಗಿದ್ದಕ್ಕೆ ವಾಂತಿ ಬೇರೆ.

ಓಡಿಹೋಗಿ ವಾರ್ಡಿನ ಡಾಕ್ಟರ್ ಮೇಡಂಗೆ ಕಥೆಯೆಲ್ಲ ಹೇಳತೊಡಗಿದೆ. ಹೊರಗೆ ಉದ್ದ ಸಾಲು. "ನಾನೀಗ ಏನು ಮಾಡಬೇಕು, ಅಷ್ಟು ಹೇಳಿ" ಅಂದರು. ಮನಸ್ಸಿಗೆ ನೋವಾಯಿತು. ಆದರೆ ಅವರ ಪ್ರಶ್ನೆ ಸರಿಯಾಗೇ ಇತ್ತು ಅಲ್ವಾ?

ಅವತ್ತೇ ಕೇಸ್ ಶೀಟಿನಲ್ಲಿ ಮೂರು ಸಾಲು ಬರೆದೆ. ಮಾತ್ರೆ ಬಿಟ್ಟದ್ದು ಮೂತ್ರದ ಬಣ್ಣಕ್ಕೆ ಹೆದರಿ. ಬೆಳಗ್ಗೆ ಬರೀ ಹೊಟ್ಟೆಗೆ ವಾಂತಿ, ರಾತ್ರಿ ಊಟದ ಮೇಲೆ ಕೊಡಬಹುದೇ? ಬಣ್ಣದ ವಿಷಯ ತಾವೇ ಹೇಳಬೇಕು.

ಮರುದಿನ ರೌಂಡ್ಸಿನಲ್ಲಿ ಮೇಡಂ ಅದನ್ನು ಓದಿ ಅವರ ಹತ್ತಿರ ನಿಂತರು. "ಇದು ರಿಫಾಂಪಿಸಿನ್ ಮಾತ್ರೆಯ ಬಣ್ಣ ಯಜಮಾನ್ರೇ, ರಕ್ತ ಅಲ್ಲ" ಅಂದರು. ಹಿಂದಿನ ದಿನ ನಾನೂ ಇದನ್ನೇ ಹೇಳಿದ್ದೆ, ನಂಬಿರಲಿಲ್ಲ. ಡಾಕ್ಟರ ಬಾಯಲ್ಲಿ ಕೇಳಿದ ಮೇಲೆ ಮುಖ ಸಡಿಲವಾಯಿತು. ಮಾತ್ರೆ ರಾತ್ರಿಗೆ ಹೋಯಿತು. ಟಿಬಿ ರೋಗಿಗಳ ಪೌಷ್ಟಿಕ ಊಟಕ್ಕೆ ಸರ್ಕಾರ ಕೊಡುವ ನಿಕ್ಷಯ್ ಪೋಷಣ್ ಯೋಜನೆಯ ದುಡ್ಡಿಗೆ ಬ್ಯಾಂಕ್ ಖಾತೆ ಮಾಡಿಸಿದ್ದು ನಾನು. ಆಗ ತಿಂಗಳಿಗೆ 500 ರೂಪಾಯಿ; 2024ರ ನವೆಂಬರಿನಿಂದ 1000 ಆಗಿದೆ. ಅವರು ಆರು ತಿಂಗಳೂ ಮುಗಿಸಿದರು.

ಜಗಳವೂ ಆಗಿದೆ. ಒಮ್ಮೆ ಮೇಡಂ ಅವರನ್ನು ಕೇಳದೆ ಒಂದು ಮನೆಯವರಿಗೆ "ಇನ್ನೆರಡು ದಿನ ಇಲ್ಲೇ ಇರಿ" ಅಂದುಬಿಟ್ಟಿದ್ದೆ. ಆ ಹಾಸಿಗೆಗೆ ಇನ್ನೊಬ್ಬ ರೋಗಿ ಕಾಯುತ್ತಿದ್ದರು. ತಪ್ಪು ನನ್ನದೇ. ಆಮೇಲೆ ಡಿಸ್ಚಾರ್ಜಿನ ಮಾತನ್ನು ಡಾಕ್ಟರ ಹತ್ತಿರ ಕೇಳದೆ ಯಾರಿಗೂ ಆಡಿಲ್ಲ.

ಈಗ ಹೊಸ ಹೌಸ್ ಸರ್ಜನ್‌ಗಳು, ಅಂದರೆ ತರಬೇತಿಯ ಡಾಕ್ಟರುಗಳು, ಬಂದ ಮೊದಲ ದಿನವೇ ಅವರ ಹತ್ತು ನಿಮಿಷ ಕೇಳಿಕೊಂಡು, ನನ್ನ ಮೂರು ಸಾಲು ಶೀಟಿನಲ್ಲಿ ಎಲ್ಲಿರುತ್ತದೆ ಅಂತ ತೋರಿಸುತ್ತೇನೆ.